50 ವರ್ಷದ ದಾಖಲೆ ನೋಡಿದ್ದೇವೆ ಎಂದವರಿಗೆ

ಗೆ,
ವ್ಯವಸ್ಥಾಪಕರು,
ಆಸ್ತಿ ದಾಖಲೆ ಪರಿಶೀಲನಾ ಸಂಸ್ಥೆ, ಹಾಸನ

ವಿಷಯ: ಬೇಲೂರು ರಸ್ತೆಯ 20 ಗುಂಟೆ ಜಮೀನಿನ ತಪ್ಪು ವರದಿ, ಶುಲ್ಕ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಮಳಿಗೆ ಕಟ್ಟಲು ನೋಡಿದ್ದ ಜಮೀನಿನ ಕಾಗದಪತ್ರ ನಿಮ್ಮ ಕೈಗೆ ಕೊಟ್ಟು 18,000 ರೂಪಾಯಿ ಕಟ್ಟಿದ್ದೆ. '50 ವರ್ಷದ ದಾಖಲೆ ನೋಡಿದ್ದೇವೆ, ಟೈಟಲ್ ಕ್ಲಿಯರ್' ಎಂದು, ಅಂದರೆ ಮಾಲೀಕತ್ವದಲ್ಲಿ ತಕರಾರಿಲ್ಲ ಎಂದು, ಬರೆದುಕೊಟ್ಟಿರಿ. ಅದನ್ನು ನಂಬಿ ಮಾಲೀಕರಿಗೆ 2 ಲಕ್ಷ ಅಡ್ವಾನ್ಸ್ ಕೊಟ್ಟೆ.

ಮೊನ್ನೆ ಪತ್ರ ಬರಹಗಾರರು 1996ರ ಕ್ರಯಪತ್ರ ಬಿಡಿಸಿದರು. 'ಮಂಜೂರಾತಿಯಿಂದ ಬಂದ' ಎಂಬ ಸಾಲಿನ ಮೇಲೆ ಬೆರಳಿಟ್ಟು, 'ಸಾಗುವಳಿ ಚೀಟಿ ಎಲ್ಲಿ?' ಎಂದರು. ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಡುವ ಪತ್ರ ಅದು. ನಾನು ಬೆಪ್ಪಾಗಿ ನಿಂತೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ನಕಲು ತೆಗೆಸಿದ ಮೇಲೆ ಗೊತ್ತಾಯಿತು, ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನು. ಇಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಮಾರಾಟವೇ ಅಸಿಂಧು. 1996ರಲ್ಲಿ ಅನುಮತಿ ಪಡೆದ ಕಾಗದ ಎಲ್ಲೂ ಇಲ್ಲ. 2023ರ ತಿದ್ದುಪಡಿಯ ನಂತರ, ಜಮೀನು ವಾಪಸ್ ಕೇಳಿ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ. ಕಾಯ್ದೆ ಸರಿಯಾಗೇ ಇದೆ, ಬಡವರ ಭೂಮಿ ಬಡವರಿಗೇ ಉಳಿಯಲಿ. ನನ್ನ ತಕರಾರು ನಿಮ್ಮ ಮೇಲೆ. ಆ ಕ್ರಯಪತ್ರ ತಿಂಗಳುಗಟ್ಟಲೆ ನಿಮ್ಮ ಹತ್ತಿರವೇ ಇತ್ತು!

ನೀವು ಲಗತ್ತಿಸಿದ ಇ.ಸಿ. (ಋಣಭಾರ ಪತ್ರ, ಅಂದರೆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಶುರುವಾಗುವುದೇ 2004ರ ಏಪ್ರಿಲ್ 1ರಿಂದ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಸಿಗುವುದು ಅಲ್ಲಿಂದ ಈಚಿನದು. ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕು. ನೀವು ಕುರ್ಚಿ ಬಿಟ್ಟು ಎದ್ದ ಹಾಗೆ ಕಾಣಲಿಲ್ಲ. 3ನೇ ಪುಟದಲ್ಲಿ ನನ್ನ ಜಮೀನು ಅರಸೀಕೆರೆ ತಾಲ್ಲೂಕಿಗೆ ಹೋಗಿಬಿಟ್ಟಿದೆ. ಬೇರೆ ಯಾರದೋ ವರದಿಗೆ ನನ್ನ ಹೆಸರು ಅಂಟಿಸಿದ್ದೀರಿ, ಅಲ್ವಾ?

ಫೋನ್ ಮಾಡಿದರೆ 'ಅದು ಬರೀ ಸಲಹೆ ಸಾರ್' ಎಂದರು ನಿಮ್ಮ ಹುಡುಗ. ಸಲಹೆಗೇ ತಾನೇ ದುಡ್ಡು ಕೊಟ್ಟಿದ್ದು?

15 ದಿನದೊಳಗೆ 18,000 ರೂಪಾಯಿ ವಾಪಸ್ ಕೊಡಿ. ವರದಿ ತಪ್ಪು ಎಂದು ಬರೆದೂ ಕೊಡಿ, ಮಾಲೀಕರಿಂದ ಅಡ್ವಾನ್ಸ್ ವಾಪಸ್ ಕೇಳಲು ನನಗೆ ಅದು ಬೇಕು. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿರುವುದು ಗೊತ್ತಿದೆ. ಆದರೆ ನಿಮ್ಮ ವರದಿಯಲ್ಲಿ ಯಾವ ವಕೀಲರ ಸಹಿಯೂ ಇಲ್ಲ. ರಸೀದಿಯಲ್ಲಿರುವುದು 'ದಾಖಲೆ ಪರಿಶೀಲನೆ ಶುಲ್ಕ' ಅಂತಷ್ಟೇ. ಅದನ್ನೇ ಹಿಡಿದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ, ಹಾಸನ

ಲಗತ್ತು: ರಸೀದಿ, ನಿಮ್ಮ ವರದಿ (3ನೇ ಪುಟ ಗುರುತು ಹಾಕಿದೆ), ಕ್ರಯಪತ್ರದ ನಕಲು