ಹನ್ನೊಂದು ತಲೆ ಎಣಿಸಿದ ಅಕ್ಕನಿಗೆ

ಕಳೆದ ಭಾನುವಾರ ನಮ್ಮ ಮನೆ ಒಕ್ಕಲಿಗೆ ಬಂದು, ಕೂರಲು ಜಾಗ ಸಾಲದಿದ್ದರೂ ಗೊಣಗದೆ ಉಂಡು ಹೋದ ಎಲ್ಲರಿಗೂ ನಮಸ್ಕಾರ. ಅಂದು ನಾಲ್ಕು ಮಾತು ಹೇಳಲು ಎದ್ದು ನಿಂತಿದ್ದೆ. ಗಂಟಲು ಕಟ್ಟಿತು, ‘ಊಟ ಮಾಡಿಕೊಂಡೇ ಹೋಗಿ’ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರಿನ ಕಡೆ ಮಳೆಗೆ ಗುಡ್ಡ ಜರಿದು ಏನಾಯಿತು, ನಮ್ಮದು ಎಷ್ಟು ಹೋಯಿತು, ಎಷ್ಟು ಬಾಡಿಗೆ ಮನೆ ಬದಲಾಯಿಸಿದೆವು ಎಂಬುದೆಲ್ಲ ನಿಮಗೆ ಬಾಯಿಪಾಠ. ಅದನ್ನು ಬಿಡುತ್ತೇನೆ. 16ರ ರಾತ್ರಿಯನ್ನು ಮಾತ್ರ ಬಿಡಲಾರೆ.

ಕರೆಂಟ್ ಹೋಗಿ ಮೂರು ದಿನವಾಗಿತ್ತು. ಸಂಜೆಯ ಹೊತ್ತಿಗೆ ಪಕ್ಕದ ತೋಡಿನ ನೀರು ಕೆಂಪಗಾಗಿ, ಹಸಿ ಮಣ್ಣಿನ ವಾಸನೆ, ಮುರಿದ ಮರದ ವಾಸನೆ ಮೂಗಿಗೆ ಬಡಿಯತೊಡಗಿತು. ನಾನು ‘ಮಳೆಗಾಲವಲ್ಲವೇ, ಇಳಿಯುತ್ತದೆ’ ಎನ್ನುತ್ತಿದ್ದೆ. ಟಾರ್ಚ್ ಹಿಡಿದು ಬಂದ ಪಕ್ಕದ ಮನೆಯ ಅಕ್ಕ ನನ್ನೊಡನೆ ವಾದಕ್ಕೇ ನಿಲ್ಲಲಿಲ್ಲ. ಸೀದಾ ಒಳಗೆ ಹೋಗಿ ಅವ್ವನನ್ನು ಎಬ್ಬಿಸಿ ಕಂಬಳಿ ಹೊದಿಸಿದರು. ‘ಇವನು ಬೇಕಾದರೆ ಇರಲಿ, ನಾವು ಹೋಗೋಣ’ ಎಂದರು. ಅವ್ವ ಎದ್ದು ಹೊರಟರು. ಮತ್ತೆ ನಾನೇನು ಮಾಡುವುದು, ಹಿಂದೆ ಹೋದೆ.

ಬಾಣೆಯ (ಎತ್ತರದ ಹುಲ್ಲುಗಾವಲಿನ) ಮೇಲಿನ ಅಕ್ಕನ ಹಳೆಯ ಕೊಟ್ಟಿಗೆಯಲ್ಲಿ ನಾವು ಹನ್ನೊಂದು ಜನ: ನಾವು ನಾಲ್ವರು, ಅವರ ಮನೆಯ ಮೂವರು, ತೋಟದ ಕೆಲಸಗಾರರ ಲೈನ್ ಮನೆಯ ನಾಲ್ವರು. ಬ್ಯಾಟರಿ ಉಳಿಯಲೆಂದು ಅಕ್ಕ ಟಾರ್ಚ್ ಆರಿಸಿದರು. ಆ ಕತ್ತಲೆಯಲ್ಲಿ, ಕೆಳಗೆ ದೊಡ್ಡ ಲಾರಿ ಕಲ್ಲು ಸುರಿದಂಥ ಸದ್ದು ಕೇಳಿದಾಗಲೆಲ್ಲ ಅವರು ಎದ್ದು ಎಲ್ಲರ ತಲೆ ಮುಟ್ಟಿ ಎಣಿಸುತ್ತಿದ್ದರು. ಒಂದು, ಎರಡು, ಮೂರು. ಒದ್ದೆ ಕೈ, ಬೆರಳ ಸಂದಿನಲ್ಲಿ ಸಗಣಿ ವಾಸನೆ. ಹನ್ನೊಂದು ಎಂದು ಹೇಳಿದ ಮೇಲೆಯೇ ಕೂರುತ್ತಿದ್ದರು. ಬೆಳಗಿನ ತನಕ ಎಷ್ಟು ಸಲ ಎಣಿಸಿದರೋ.

ನಡುರಾತ್ರಿಯ ಒಂದು ಸದ್ದು ನಮ್ಮ ಮನೆಯದ್ದೇ ಎಂದು ನನಗೆ ಗೊತ್ತಾಯಿತು. ಕಟ್ಟಿದ ಹಗ್ಗ ಬಿಚ್ಚದೆ ಬಂದಿದ್ದ ಹಸುವೂ ನೆನಪಾಯಿತು. ಅದಕ್ಕೂ ಎರಡು ವರ್ಷ ಹಿಂದೆ, ಕಾಫಿ ಒಣಗಿಸುವ ಕಣ ದೊಡ್ಡದು ಮಾಡಬೇಕೆಂದು ಜೆಸಿಬಿ ತರಿಸಿ ಮನೆ ಹಿಂದಿನ ಬರೆಯನ್ನು (ಗುಡ್ಡದ ಇಳಿಜಾರನ್ನು) ಹದಿನೈದು ಅಡಿ ನೆಟ್ಟಗೆ ಕಡಿಸಿದವನು ನಾನು. ಅಂದು ಅಕ್ಕ ಒಂದೇ ಮಾತು ಕೇಳಿದ್ದರು: ‘ಮೇಲಿನ ನೀರು ಎಲ್ಲಿಗೆ ಹೋಗುತ್ತದೆ?’ ನಾನು ನಕ್ಕಿದ್ದೆ. ಕೊಟ್ಟಿಗೆಯಲ್ಲಿ ಅಳುತ್ತಾ ‘ಅಕ್ಕ, ಕಡಿಸಿದ್ದು ನಾನೇ’ ಎಂದೆ. ‘ಅದನ್ನು ಬೆಳಗಾದ ಮೇಲೆ ಹೇಳು. ಈಗ ತಲೆ ಬಗ್ಗಿಸು, ಎಣಿಸಬೇಕು’ ಎಂದರು.

ಬೆಳಗಾದ ಮೇಲೆ ನಾನು ಹೇಳಲಿಲ್ಲ. ಮುಂದಿನ ಒಂದು ವರ್ಷ, ಕೇಳಿದವರಿಗೆಲ್ಲ 2018ರ ಜುಲೈಯ ಸಣ್ಣ ಭೂಕಂಪನವನ್ನು ದೂರುತ್ತಾ ತಿರುಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ನೋಡಿ ಹೋಗಿ, ಮಳೆಯ ಜೊತೆಗೆ ಮನೆಗೂ ರಸ್ತೆಗೂ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಹೇಳಿದ ಸುದ್ದಿ ಬಂದಾಗ ಆ ಪುಟವನ್ನು ಮಡಚಿ ಅವ್ವನ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಅವ್ವ ಓದಿಯೇ ಇದ್ದರಂತೆ. ಅಕ್ಕನದೇ ಮನೆ ಆ ರಾತ್ರಿಯ ಮರುದಿನ ಮಧ್ಯಾಹ್ನ ಜಾರಿ ಹೋಗಿದ್ದರೂ ಅವರು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಹಗಲಿರುಳು ಓಡಾಡಿದ ಹುಡುಗರಿಗೆ, ಹಗ್ಗ ಕಟ್ಟಿ ದಾಟಿಸಿದ ಯೋಧರಿಗೆ, ಸಾಲದ ಕಂತನ್ನು ನೆನಪಿಸದ ಭಾವನಿಗೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳುಹಿಸಿದ ಉತ್ತರ ಕರ್ನಾಟಕದ ಜನರಿಗೆ (ಹಲ್ಲಿಲ್ಲದ ಅವ್ವ ಅದನ್ನು ಚಹಾದಲ್ಲಿ ನೆನೆಸಿ ತಿಂದರು, ಈಗಲೂ ಕೇಳುತ್ತಾರೆ) ಎಲ್ಲರಿಗೂ ಋಣಿ.

ಹೊಸ ಮನೆಗೆ ಬರೆ ಕಡಿದಿಲ್ಲ. ಗುಡ್ಡ ಇದ್ದ ಹಾಗೆಯೇ ಎರಡು ಹಂತ ಮಾಡಿ ಕಟ್ಟಿದ್ದೇವೆ. ಅಡುಗೆಮನೆಗೆ ಮೂರು ಮೆಟ್ಟಿಲು ಇಳಿಯಬೇಕು, ಹೆಂಡತಿಗೆ ಅದೊಂದು ಸಿಟ್ಟು. ಅಪ್ಪ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆಯುತ್ತಿದ್ದ ಅಭ್ಯಾಸವನ್ನು ಮತ್ತೆ ಹಿಡಿದಿದ್ದೇನೆ. ಎರಡು ದಿನ ಸತತ ಐದೈದು ಇಂಚು ಸುರಿದರೆ ಮೂರನೆಯ ದಿನ ಸೋಮವಾರಪೇಟೆಯ ತಂಗಿಯ ಮನೆಗೆ. ಕುಶಾಲನಗರಕ್ಕೆ ಹೋಗಬಹುದಿತ್ತು, ಅಲ್ಲಿ ಕಾವೇರಿ ನಮಗಿಂತ ಮೊದಲೇ ಮನೆಗೆ ನುಗ್ಗಿರುತ್ತಾಳೆ. ಉಳಿದ ಎರಡೆಕರೆಯಲ್ಲಿ 2020ರಲ್ಲಿ ನೆಟ್ಟ ರೊಬಸ್ಟಾ ಈಗ ಕೈತುಂಬ ಬರುತ್ತಿದೆ. ಜಾರಿದ ಕಡೆ ಕಾಫಿ ನೆಟ್ಟಿಲ್ಲ, ಬಿದಿರು ಹಾಕಿದ್ದೇವೆ. ಮೊಮ್ಮಗಳು ಅದರ ನೆರಳಿನಲ್ಲಿ ಆಡುವ ಕಾಲ ಬರುತ್ತದೆಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಹಾಗೆ ಅನ್ನಿಸಿ ಎಷ್ಟೋ ವರ್ಷವಾಗಿತ್ತು.

ಅಕ್ಕ ಈಗ ಜಂಬೂರಿನಲ್ಲಿದ್ದಾರೆ. ಭಾನುವಾರ ಎಲ್ಲರಿಗಿಂತ ಮೊದಲು ಬಂದವರು ಒಳಗೆ ಕಾಲಿಡದೆ ಮನೆಯ ಹಿಂದಕ್ಕೆ ಹೋದರು. ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿ ನೋಡಿದರು. ‘ಮೇಲಿನ ನೀರು?’ ಎಂದರು. ಚರಂಡಿ ತೋರಿಸಿದೆ, ತೋಡಿನ ತನಕ ಅದರ ಜೊತೆ ನಡೆದುಕೊಂಡೇ ಹೋಗಿ ಬಂದರು. ಆಮೇಲೆ ಹಾಲುಕ್ಕಿಸಿದ್ದು ಅವರೇ.

ಚರಂಡಿ ಒಂದು ಕಡೆ ಕಿರಿದಾಯಿತಂತೆ. ಮೇ ಮುಗಿಯುವುದರೊಳಗೆ ಅಗಲ ಮಾಡಿಸಬೇಕು, ಜೂನ್ ಮೊದಲ ವಾರ ನೋಡಲು ಬರುತ್ತಾರಂತೆ.