ಪ್ರತಿಕಾಯ ಪರೀಕ್ಷೆಯ ವರದಿ ಇನ್ನು ಮುಂದೆ ತಡವಾಗುವುದೇಕೆ?

ಮಾನ್ಯ ಗ್ರಾಹಕರೇ,

ಪರ್ನಿಷಿಯಸ್ ಅನೀಮಿಯಾ (ವಿಟಮಿನ್ ಬಿ12 ದೇಹಕ್ಕೆ ಸೇರದೆ ಬರುವ ಒಂದು ಬಗೆಯ ರಕ್ತಹೀನತೆ) ಪತ್ತೆಗಾಗಿ ನಾವು ಮಾಡುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯ ಪರೀಕ್ಷೆಯನ್ನು ಈ ತಿಂಗಳಿಂದ ವಾರಕ್ಕೊಮ್ಮೆ ಮಾತ್ರ ನಡೆಸುತ್ತಿದ್ದೇವೆ. ಮುಂಚಿತವಾಗಿ ತಿಳಿಸದೇ ಹೋದದ್ದಕ್ಕೆ ಕ್ಷಮೆ ಕೋರುತ್ತೇವೆ, ಬದಲಾವಣೆಗಾಗಿ ಕೋರಲಾರೆವು.

ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂದರೆ ಬಿ12 ಅನ್ನು ದೇಹ ಹೀರಿಕೊಳ್ಳಲು ಬೇಕಾದ, ಜಠರದಲ್ಲಿ ತಯಾರಾಗುವ ಪ್ರೋಟೀನು; ಈ ರೋಗದಲ್ಲಿ ದೇಹ ಅದರ ವಿರುದ್ಧವೇ ಪ್ರತಿಕಾಯಗಳನ್ನು ಮಾಡಿಕೊಳ್ಳಬಹುದು. ಬಿ12 ಇಂಟ್ರಿನ್ಸಿಕ್ ಫ್ಯಾಕ್ಟರಿಗೆ ಅಂಟಿಕೊಳ್ಳುವುದನ್ನು ರಕ್ತದ ಮಾದರಿ ಎಷ್ಟು ತಡೆಯುತ್ತದೆ ಎಂಬುದನ್ನು ಹಳೆಯ ವಿಧಾನ ಅಳೆಯುತ್ತಿತ್ತು. ಆಗತಾನೇ ಬಿ12 ಇಂಜೆಕ್ಷನ್ ಪಡೆದವರ ರಕ್ತದಲ್ಲಿ ಆ ವಿಟಮಿನ್ನೇ ಜಾಗ ಹಿಡಿದುಬಿಡುವುದರಿಂದ, ಇಲ್ಲದ ಪ್ರತಿಕಾಯ ಇದ್ದಂತೆ ತೋರಬಹುದಿತ್ತು. ಮೂರು ದಿನ ಮೊದಲು ಇಂಜೆಕ್ಷನ್ ಪಡೆದಿದ್ದವರೊಬ್ಬರಿಗೆ ಪಾಸಿಟಿವ್ ಎಂದು ಕೊಟ್ಟ ವರದಿಯನ್ನು ನಾವು ಹಿಂದಕ್ಕೆ ಪಡೆಯಬೇಕಾಯಿತು. ಆ ದಿನವೇ ಎಲೈಸಾ ವಿಧಾನಕ್ಕೆ ಬದಲಾಗಲು ನಿರ್ಧರಿಸಿದೆವು.

ಎಲೈಸಾ ಪ್ರತಿಕಾಯವನ್ನೇ ನೇರವಾಗಿ ಹಿಡಿಯುತ್ತದೆ, ಆದರೆ ಅಗ್ಗವಲ್ಲ. ತೊಂಬತ್ತಾರು ಗುಳಿಗಳ ಪ್ಲೇಟಿನಲ್ಲಿ ರೋಗಿಯ ರಕ್ತದ ಹನಿ ಬೀಳುವ ಮೊದಲೇ ಕೆಲವು ಗುಳಿಗಳು ಸ್ಟ್ಯಾಂಡರ್ಡ್ ಮತ್ತು ಕಂಟ್ರೋಲ್‌ಗಳಿಗೆ (ಅಳತೆ ಸರಿಯಿದೆಯೇ ಎಂದು ನೋಡುವ ಮಾದರಿಗಳಿಗೆ) ಹೋಗುತ್ತವೆ. ಒಬ್ಬರ ಮಾದರಿ ಇದ್ದರೂ ಅಷ್ಟೇ, ನಲವತ್ತು ಜನರದ್ದಿದ್ದರೂ ಅಷ್ಟೇ. ತೆರೆದ ಕಿಟ್ಟನ್ನು ನಿಗದಿತ ಅವಧಿಯೊಳಗೆ ಮುಗಿಸದಿದ್ದರೆ ಉಳಿದದ್ದನ್ನು ಚೆಲ್ಲಬೇಕು. ದಿನವೂ ನಡೆಸಿ ಆ ಖರ್ಚನ್ನು ನಿಮ್ಮ ಬಿಲ್ಲಿಗೆ ಸೇರಿಸುವ ಬದಲು ಮಾದರಿಗಳನ್ನು ಕೂಡಿಸಿಟ್ಟು ನಡೆಸುತ್ತಿದ್ದೇವೆ. ಇದನ್ನು ಸೋಮಾರಿತನ ಎಂದವರೂ ಇದ್ದಾರೆ.

ಕೌಂಟರಿನಲ್ಲಿ ಪದೇ ಪದೇ ಕೇಳುವ ಆಕ್ಷೇಪ ಇನ್ನೊಂದಿದೆ: "ನೀವು ನೆಗೆಟಿವ್ ಎಂದು ಬರೆದಿದ್ದೀರಿ, ಡಾಕ್ಟರು ಮಾತ್ರ ಇಂಜೆಕ್ಷನ್ ನಿಲ್ಲಿಸುತ್ತಿಲ್ಲ. ತಪ್ಪು ಯಾರದು?" ಇಬ್ಬರದೂ ಅಲ್ಲ. ಈ ಪ್ರತಿಕಾಯ ರಕ್ತದಲ್ಲಿ ಕಂಡರೆ ರೋಗ ಬಹುಮಟ್ಟಿಗೆ ಖಚಿತ. ಆದರೆ ರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಅದು ಕಾಣಿಸುತ್ತದೆ. ಹಾಗಾಗಿ ನಮ್ಮ ನೆಗೆಟಿವ್ ವರದಿಗೆ "ಪ್ರತಿಕಾಯ ಸಿಗಲಿಲ್ಲ" ಎಂಬಷ್ಟೇ ಅರ್ಥ, "ರೋಗವಿಲ್ಲ" ಎಂದಲ್ಲ. ಇನ್ನು ಮುಂದೆ ವರದಿಯಲ್ಲೇ ಈ ಸಾಲನ್ನು ಅಚ್ಚು ಮಾಡುತ್ತೇವೆ. ಹಾಗಾದರೆ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಿಸುವ ಜಠರದ ಪರೈಟಲ್ ಕೋಶಗಳ ವಿರುದ್ಧದ ಪ್ರತಿಕಾಯವನ್ನೇ ನೋಡಬಾರದೇ ಎಂದು ಕೇಳುವವರುಂಟು. ಅದು ರೋಗಿಗಳಲ್ಲಿ ಹೆಚ್ಚು ಜನರಲ್ಲಿ ಸಿಗುತ್ತದೆ, ನಿಜ; ಆದರೆ ಥೈರಾಯ್ಡಿನ ಸ್ವಯಂಪ್ರತಿರಕ್ಷಾ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿ ಬರುವ ಕಾಯಿಲೆ) ಇರುವವರಲ್ಲಿ, ಟೈಪ್ 1 ಮಧುಮೇಹಿಗಳಲ್ಲಿ, ಆರೋಗ್ಯವಾಗಿರುವ ಕೆಲವು ವೃದ್ಧರಲ್ಲಿಯೂ ಸಿಗುತ್ತದೆ. ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಮಾರಿದ್ದರೆ ನಮಗೆ ಲಾಭವಿತ್ತು. ವೈದ್ಯರು ಕೇಳದೆ ಅದನ್ನು ನಾವು ಮಾಡುವುದಿಲ್ಲ.

ಕೈಕಾಲು ಜೋಮು ಹಿಡಿಯುತ್ತಿರುವವರು, ನಡಿಗೆ ತಪ್ಪುತ್ತಿರುವವರು ದಯವಿಟ್ಟು ನಮ್ಮ ವರದಿಗಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ; ನರಗಳಿಗಾದ ಹಾನಿ ತಡವಾದಷ್ಟೂ ಪೂರ್ತಿ ವಾಸಿಯಾಗದೆ ಉಳಿಯಬಹುದು. ಮೊದಲ ಇಂಜೆಕ್ಷನ್ನಿಗೆ ಮುಂಚೆ ರಕ್ತ ಕೊಟ್ಟು ಹೋಗಿ, ಚಿಕಿತ್ಸೆ ಅಂದೇ ಆರಂಭವಾಗಲಿ. ಈಗಾಗಲೇ ಇಂಜೆಕ್ಷನ್ ಪಡೆದಿದ್ದರೆ ಅದರ ದಿನಾಂಕವನ್ನು ಚೀಟಿಯಲ್ಲಿ ತಪ್ಪದೆ ಬರೆಸಿ. ಸಂದೇಹವಿದ್ದರೆ ಫೋನ್ ಮಾಡಿ. ನಿಮ್ಮ ರಕ್ತ ತೆಗೆದವರೇ ಮಾತನಾಡುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಯೋಗಾಲಯದ ಬಳಗ