ನಿನ್ನೆ ರಿಟೈರ್ ಆದೆ, ನಾಲ್ಕು ಮಾತು ಹೇಳ್ಬೇಕು

ನಿನ್ನೆ ಸಂಜೆ ವಿಶಾಖಪಟ್ಟಣದಲ್ಲಿ ಅಣುಶಕ್ತಿ ಜಲಾಂತರ್ಗಾಮಿ ಕಟ್ಟೋ ಯಾರ್ಡ್ ಗೇಟಲ್ಲಿ ಪಾಸ್ ವಾಪಸ್ ಕೊಟ್ಟು ಬಂದೆ. ಇಷ್ಟು ವರ್ಷ ವೆಲ್ಡಿಂಗ್ ಮಾಡಿದ ಕೈ ಸುಮ್ನೆ ಕೂತಿದೆ, ಅದಕ್ಕೇ ಬರೀತಿದೀನಿ.

ಮೊದಲ ನಮಸ್ಕಾರ ನಮ್ಮ ತೆಲುಗು ಮೇಸ್ತ್ರಿಗೆ. ಗುಜರಾತಿನ ಹಜೀರಾದಲ್ಲಿ ಮಾಡಿದ ಹಲ್ ಸೆಕ್ಷನ್‌ಗಳು, ಅಂದ್ರೆ ಜಲಾಂತರ್ಗಾಮಿಯ ಹೊರಮೈಯ ತುಂಡುಗಳು, ಇಲ್ಲಿಗೆ ಬರ್ತಿದ್ವು, ಜೋಡಿಸೋದು ನಮ್ಮ ಕೆಲಸ. ಪ್ಲೇಟು ಮೊದ್ಲು ಬಿಸಿ ಮಾಡ್ಬೇಕು, ಎಲೆಕ್ಟ್ರೋಡ್ ಓವನ್‌ನಿಂದ ಬಿಸಿ ಇರೋವಾಗ್ಲೇ ತೆಗೀಬೇಕು, ಚೂರು ತೇವ ಸೇರಿದ್ರೂ ಒಳಗೆ ಬಿರುಕು ಬಿಡುತ್ತೆ. ಒಂದ್ಸಲ ನನ್ನ ಜಾಯಿಂಟು ಎಕ್ಸ್‌ರೇಲಿ ಫೇಲ್ ಆಯ್ತು, ಫಿಲಂ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ, ರಾತ್ರಿಯೆಲ್ಲಾ ಗ್ರೈಂಡ್ ಮಾಡಿ ತೆಗೆದು ಮತ್ತೆ ತುಂಬಿದೆ, ಮೇಸ್ತ್ರಿ ಬೈಲಿಲ್ಲ, ಬೆಳಗಿನ ತನಕ ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ಕೂತಿದ್ರು. "ಲೋಪಲ ಮನುಷುಲು ಉಂಟಾರ್ರಾ" ಅಂದ್ರು, ಒಳಗೆ ಮನುಷ್ಯರು ಇರ್ತಾರೆ ಕಣೋ ಅಂತ, ಅಷ್ಟೇ.

2009ರ ಜುಲೈ 26, ಕಾರ್ಗಿಲ್ ವಿಜಯ ದಿನ. ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ತೆಂಗಿನಕಾಯಿ ಒಡೆದು ನಮ್ಮ ಜಲಾಂತರ್ಗಾಮಿ ಅರಿಹಂತನ್ನ ನೀರಿಗೆ ಇಳಿಸಿದ್ರು. ಅಲ್ಲೀತನಕ ನಮ್ಮ ಬಾಯಲ್ಲಿ ಅದು ಬರೀ 'ಬೋಟು'. ಅರಿಹಂತ್ ಅಂದ್ರೆ ಶತ್ರುವನ್ನ ಕೊಲ್ಲೋನು ಅಂತ ಎಲ್ರೂ ಹೇಳ್ತಿದ್ರೆ ನನಗೆ ನೆನಪಾಗಿದ್ದು ಊರಲ್ಲಿ ಪಕ್ಕದ ಮನೆ ಜೈನರ ಅಜ್ಜಿ, ದಿನಾ ಬೆಳಗ್ಗೆ "ಣಮೋ ಅರಿಹಂತಾಣಂ" ಅಂತಿದ್ದ ದನಿ. ಅವರಿಗೆ ಆ ಶತ್ರು ಒಳಗಿನ ಸಿಟ್ಟು, ಆಸೆ. ಆ ಅಜ್ಜಿಗೂ ಒಂದು ನಮಸ್ಕಾರ.

ನೀರಿಗೆ ಇಳಿದ ಮಾತ್ರಕ್ಕೆ ಜೀವ ಬರಲ್ಲ. ರಿಯಾಕ್ಟರ್ ಚಾಲೂ ಆಗಿದ್ದು 2013ರ ಆಗಸ್ಟಲ್ಲಿ, ನೌಕಾಪಡೆಗೆ ಸೇರಿದ್ದು 2016ರಲ್ಲಿ. ಕಲ್ಪಾಕ್ಕಂನಲ್ಲಿ ನೆಲದ ಮೇಲೇ ಅದೇ ಥರದ ರಿಯಾಕ್ಟರ್ ಕಟ್ಟಿ ಓಡಿಸಿ ನೋಡಿದ ಬಾರ್ಕ್‌ (ಭಾಭಾ ಅಣು ಸಂಶೋಧನಾ ಕೇಂದ್ರ)ನವರ ಮುಖ ನಾನು ನೋಡಿಲ್ಲ, ಆದ್ರೂ ಕೈ ಮುಗೀತೀನಿ. 2024ರ ಆಗಸ್ಟ್ 29ಕ್ಕೆ ಎರಡನೇ ಬೋಟು ಅರಿಘಾತ್ ನೌಕಾಪಡೆಗೆ ಸೇರಿದಾಗ ಹೊಸ ಹುಡುಗ್ರ ಕಣ್ಣಲ್ಲಿ ನೀರು ಕಂಡೆ, ಅವ್ರಿಗೂ ಥ್ಯಾಂಕ್ಸ್.

ಕೊನೇದು ನಮ್ಮನೆಯವಳಿಗೆ. ಮಗಳು ಹುಟ್ಟಿದ ದಿನ ಫೋನು ಗೇಟಲ್ಲಿತ್ತು, ನಾನು ಒಳಗಿದ್ದೆ, ಸುದ್ದಿ ಗೊತ್ತಾಗಿದ್ದು ಸಂಜೆ. ಏನು ಕೆಲಸ ಅಂತ ಯಾರು ಕೇಳಿದ್ರೂ "ಹಡಗಿನ ಕೆಲಸ" ಅಂತಿದ್ಳು, ಅವಳಿಗೆ ಗೊತ್ತಿದ್ದೂ ಅಷ್ಟೇ. ಆ ಜುಲೈ ರಾತ್ರಿ ಟಿವಿ ನ್ಯೂಸ್ ಬಂದಾಗ ಸೊಪ್ಪು ಬಿಡಿಸ್ತಾ ಕೂತಿದ್ಳು, ನನ್ನ ಮುಂಗೈಯ ಸುಟ್ಟ ಕಲೆಗಳನ್ನ ಒಂದ್ಸಲ ನೋಡಿದ್ಳು, ಏನೂ ಕೇಳ್ಲಿಲ್ಲ, ಎದ್ದು ಹೋಗಿ ಟಿವಿ ಸೌಂಡ್ ಜಾಸ್ತಿ ಮಾಡಿದ್ಳು.